ನಿನ್ನೆ ನಿಲ್ಲಿಸಿದ ಸಾಲಿನಿಂದ

ಬರವಣಿಗೆಯ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಈ ಅಂಕಣಕ್ಕೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟವನ್ನು ಬೇರೆ ಬೇರೆ ಮನೆಗಳಿಂದ ಹೇಳಿಕೊಂಡಿವೆ. ಬರೆಯುವ ಆಸೆಯಿದೆ, ಆರಂಭವೂ ಆಗುತ್ತದೆ, ಆದರೆ ಉದ್ಯೋಗ, ಮನೆ, ಮಕ್ಕಳು, ಪ್ರಯಾಣ ಇವುಗಳ ನಡುವೆ ಅದು ಹದಿನೈದು ದಿನ ದಾಟುವುದಿಲ್ಲ. ಅವುಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಇಬ್ಬರು ಕೇಳಿಕೊಂಡಿದ್ದರಿಂದ ಎಲ್ಲರ ಹೆಸರನ್ನೂ ಬಿಟ್ಟು ಊರನ್ನಷ್ಟೇ ಉಳಿಸಿದ್ದೇನೆ.

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ, ಡಬ್ಬಿ ಎಲ್ಲ ಮುಗಿಸಿ ಏಳೂಮುಕ್ಕಾಲರ ಬಸ್ಸು ಹಿಡಿಯುತ್ತೇನೆ. ಶಾಲೆಯಲ್ಲಿ ಪಾಠದ ಜೊತೆಗೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ನಮೂದು, ತರಬೇತಿ, ಸಮೀಕ್ಷೆ. ಮನೆಗೆ ಮರಳುವಾಗ ಸಂಜೆ ಆರೂವರೆ. ತವರಿನ ಹಳೆಯ ಮನೆ ಮತ್ತು ಅಲ್ಲಿದ್ದ ಮೂವರು ಸೋದರತ್ತೆಯರ ಕುರಿತು ಬರೆಯಬೇಕೆಂದು ನಾಲ್ಕು ವರ್ಷಗಳಿಂದ ಅಂದುಕೊಳ್ಳುತ್ತಿದ್ದೇನೆ. ಇನ್ನೂರು ಪುಟದ ಮೂರು ನೋಟ್‌ಬುಕ್ ಕೊಂಡೆ. ಮೂರರಲ್ಲೂ ಮೊದಲ ಹತ್ತು ಹನ್ನೆರಡು ಪುಟ ಮಾತ್ರ ತುಂಬಿವೆ. ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎನ್ನುತ್ತಾರೆ, ನನಗೆ ಒಮ್ಮೆಯೂ ಆಗಲಿಲ್ಲ. ದಿನಕ್ಕೆ ಒಂದು ಗಂಟೆ ಹೊಂದಿಸುವುದು ಹೇಗೆ?
— ರಾಣೆಬೆನ್ನೂರು ತಾಲ್ಲೂಕು

ಉತ್ತರ: ಮೊದಲು ಆ ಇಪ್ಪತ್ತೊಂದು ದಿನದ ಲೆಕ್ಕವನ್ನು ಚುಕ್ತಾ ಮಾಡಿಬಿಡೋಣ. ಈ ಸಂಖ್ಯೆ ಹರಡಿದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಪ್ರಕಟಿಸಿದ ಪುಸ್ತಕದಿಂದ. ಶಸ್ತ್ರಚಿಕಿತ್ಸೆಯಿಂದ ಬದಲಾದ ತಮ್ಮ ಮುಖಕ್ಕೆ ರೋಗಿಗಳ ಮನಸ್ಸು ಹೊಂದಿಕೊಳ್ಳಲು ಕಡಿಮೆಯೆಂದರೂ ಇಪ್ಪತ್ತೊಂದು ದಿನ ಹಿಡಿಯುತ್ತದೆ ಎಂದು ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ಹೋಗುತ್ತ ‘ಕಡಿಮೆಯೆಂದರೂ’ ಎಂಬುದು ಉದುರಿಹೋಗಿ, ಮುಖಕ್ಕೆ ಹೇಳಿದ ಮಾತು ಜಗತ್ತಿನ ಎಲ್ಲ ಅಭ್ಯಾಸಗಳಿಗೂ ಅಂಟಿಕೊಂಡಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಹಿಡಿದ ಕಾಲದ ನಡುವಿನ ಅಂಕಿ 66 ದಿನ; ಬೇಗ ಒಗ್ಗಿದವರಿಗೆ 18 ದಿನ, ತಡವಾದವರಿಗೆ 254 ದಿನ ಎಂದು ಅಂದಾಜು. ಅದೂ ಊಟದ ಜೊತೆ ಒಂದು ಹಣ್ಣು ತಿನ್ನುವುದು, ಒಂದು ಲೋಟ ನೀರು ಕುಡಿಯುವುದು ಇಂಥ ಅಭ್ಯಾಸಗಳಿಗೆ. ಸೋದರತ್ತೆಯರ ಕಥೆ ನೀರು ಕುಡಿದಷ್ಟು ಸಲೀಸಲ್ಲ. ನಿಮಗೆ ಬೇಕಾದ ಅಂಶ ಆ ಅಧ್ಯಯನದಲ್ಲಿ ಬೇರೊಂದಿದೆ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ.

ಇನ್ನು ಒಂದು ಗಂಟೆಯ ಮಾತು. ನೀವೇ ಬರೆದು ಕಳಿಸಿದ ದಿನಚರಿಯಲ್ಲಿ ಆ ಗಂಟೆ ಇಲ್ಲ. ಅದನ್ನು ನಿದ್ದೆಯಿಂದ ಕಿತ್ತುಕೊಳ್ಳಬೇಕು, ಮತ್ತು ನಿದ್ದೆ ಎರಡನೆಯ ವಾರದಲ್ಲಿ ಬಡ್ಡಿಸಮೇತ ವಸೂಲು ಮಾಡುತ್ತದೆ. ಆದರೆ ನಿಮ್ಮ ಮೂರು ನೋಟ್‌ಬುಕ್‌ಗಳು ನಿಂತದ್ದು ಸಮಯದ ಅಭಾವದಿಂದಲೇ ಎಂದು ನನಗೆ ಅನ್ನಿಸುವುದಿಲ್ಲ. ಹದಿಮೂರನೆಯ ಪುಟದ ಹತ್ತಿರ ಏನಾಗಿತ್ತೆಂದು ನೆನಪಿಸಿಕೊಳ್ಳಿ. ಬಹುಶಃ ಮಗುವಿಗೆ ಜ್ವರ ಬಂದೋ, ತರಬೇತಿಗೆ ಕರೆ ಬಂದೋ ಮೂರು ನಾಲ್ಕು ದಿನ ತಪ್ಪಿತು. ಮತ್ತೆ ಪುಸ್ತಕ ತೆರೆದಾಗ ಎಲ್ಲಿದ್ದೆವು, ಮುಂದೇನು ಎಂದು ತಿಳಿಯಲು ಹನ್ನೆರಡು ಪುಟಗಳನ್ನೂ ಓದಬೇಕಾಯಿತು. ಸಿಕ್ಕ ಹೊತ್ತು ಓದುವುದರಲ್ಲೇ ಮುಗಿಯಿತು. ಓದಿದ್ದೂ ಅಷ್ಟೇನೂ ಚೆನ್ನಾಗಿಲ್ಲ ಎನ್ನಿಸಿ ಪುಸ್ತಕ ಮುಚ್ಚಿತು. ಬಿಡುವಿಲ್ಲದವರ ಬರವಣಿಗೆ ಸಾಮಾನ್ಯವಾಗಿ ಸಾಯುವುದು ಹೀಗೆ, ಮರಳಿ ಒಳಗೆ ಹೋಗುವ ದಾರಿಯಲ್ಲಿ. ಆ ದಾರಿಯನ್ನು ಗಿಡ್ಡ ಮಾಡಿಕೊಂಡರೆ ಗಂಟೆಯ ಅಗತ್ಯ ಬಹುಪಾಲು ತಪ್ಪುತ್ತದೆ.

ಆದ್ದರಿಂದ ದಿನಕ್ಕೆ ಐದು ಸಾಲು ಎಂದಿಟ್ಟುಕೊಳ್ಳಿ, ಆರನೆಯದು ಬಂದರೆ ಬರಲಿ. ಆ ಐದು ಸಾಲನ್ನು ಗಡಿಯಾರಕ್ಕೆ ಕಟ್ಟುವ ಬದಲು, ದಿನವೂ ತಪ್ಪದೆ ನಡೆಯುವ ಒಂದು ಕೆಲಸದ ಬೆನ್ನಿಗೆ ಕಟ್ಟಿ. ಬಸ್ಸಿನಲ್ಲಿ ಕೂರಲು ಸೀಟು ಸಿಗುವುದು ಖಾತ್ರಿಯಿದ್ದರೆ ಕಂಡಕ್ಟರು ಟಿಕೆಟ್ ಕೊಟ್ಟು ಮುಂದೆ ಹೋದ ಕೂಡಲೇ ಪುಸ್ತಕ ತೆರೆಯಬಹುದು. ಇಲ್ಲವಾದರೆ ಪ್ರಾರ್ಥನೆಯ ಗಂಟೆಗೆ ಮುಂಚೆ, ‘ಅಕ್ಕೋರ, ಅಕ್ಕೋರ’ ಎಂದು ಮಕ್ಕಳು ಮುತ್ತಿಕೊಳ್ಳುವ ಮೊದಲಿನ ಹತ್ತು ನಿಮಿಷ. ರಾತ್ರಿ ಎಲ್ಲ ಮುಗಿದ ಮೇಲೆ ಎಂಬುದನ್ನು ಮಾತ್ರ ಆರಿಸಿಕೊಳ್ಳಬೇಡಿ. ಮನೆವಾಳ್ತೆ ನೋಡುವ ಹೆಂಗಸಿಗೆ ‘ಎಲ್ಲ ಮುಗಿದ ಮೇಲೆ’ ಎಂಬ ಹೊತ್ತು ಬರುವುದೇ ಇಲ್ಲ.

ಐದು ಸಾಲಿನ ಕೆಳಗೆ ಒಂದು ಗೆರೆ ಎಳೆದು ‘ನಾಳೆ’ ಎಂದು ಬರೆದು, ಮುಂದೆ ಏನು ಬರೆಯಬೇಕೆಂಬುದನ್ನು ಒಂದು ಪೂರ್ಣ ವಾಕ್ಯದಲ್ಲಿ ಹಾಕಿಡಿ. ಉದಾಹರಣೆಗೆ, ‘ದೊಡ್ಡತ್ತೆ ಹಿತ್ತಲ ಬಾಗಿಲಿನ ಅಗಳಿ ತೆಗೆದಳು’ ಎಂಬಲ್ಲಿಗೆ ಇಂದಿನದು ನಿಂತರೆ, ‘ನಾಳೆ: ಹೊರಗೆ ನಿಂತವನು ಸಾಲ ಕೇಳಲು ಬಂದ ಸಣ್ಣತ್ತೆಯ ಗಂಡ, ದೊಡ್ಡತ್ತೆ ಅವನನ್ನು ಒಳಗೆ ಕರೆಯದೆ ನೀರು ಮಾತ್ರ ಕೊಡುತ್ತಾಳೆ’ ಎಂದಿರಲಿ. ಪೂರ್ಣ ವಾಕ್ಯ ಎಂದು ಒತ್ತಿ ಹೇಳುವುದಕ್ಕೆ ಸ್ವಂತ ಅನುಭವವಿದೆ. ಒಮ್ಮೆ ಒಂದು ನೀಳ್ಗತೆಯನ್ನು ಹನ್ನೊಂದು ವಾರ ಬಿಟ್ಟಿದ್ದು ಮರಳಿ ತೆರೆದಾಗ, ಅಂಚಿನಲ್ಲಿ ನನ್ನದೇ ಅಕ್ಷರದಲ್ಲಿ ‘ಕೊಡಪಾನ — ಮರೆಯಬೇಡ’ ಎಂದಿತ್ತು. ಯಾರ ಕೊಡಪಾನ, ಅದಕ್ಕೇನಾಯಿತು ಎಂಬುದು ಇಂದಿನವರೆಗೂ ನೆನಪಿಗೆ ಬಂದಿಲ್ಲ. ಆ ಕಥೆ ಅಲ್ಲಿಗೇ ನಿಂತಿದೆ.

ಐದು ಸಾಲೆಂದರೆ ಸುಮಾರು ಮೂವತ್ತು ಪದ. ವರ್ಷದಲ್ಲಿ ಅರವತ್ತೈದು ದಿನ ಧಾರಾಳವಾಗಿ ತಪ್ಪಿಸಿಕೊಂಡು ಮುನ್ನೂರು ದಿನ ಬರೆದರೂ ಒಂಬತ್ತು ಸಾವಿರ ಪದವಾಗುತ್ತದೆ, ಅಂದರೆ ಒಬ್ಬೊಬ್ಬ ಅತ್ತೆಗೆ ಮೂರು ಸಾವಿರ ಪದದ ಒಂದೊಂದು ಕಥೆ. ನಾಲ್ಕನೆಯ ನೋಟ್‌ಬುಕ್ ಮಾತ್ರ ಕೊಳ್ಳಬೇಡಿ. ಮೊದಲನೆಯದನ್ನೇ ತೆಗೆದು, ಹಿಂದಿನ ಹನ್ನೆರಡು ಪುಟವನ್ನು ಓದದೆ ಹದಿಮೂರರಿಂದ ಬರೆಯಿರಿ.

ಪ್ರಶ್ನೆ: ಕೆಂಗೇರಿಯಿಂದ ಹೂಡಿಗೆ ಮೆಟ್ರೊದಲ್ಲಿ ಹೋಗಿಬರುತ್ತೇನೆ, ಒಂದೊಂದು ಕಡೆಗೆ ಒಂದು ಗಂಟೆಗೂ ಹೆಚ್ಚು. ಬೆಳಿಗ್ಗೆ ಸೀಟು ಸಿಗುತ್ತದೆ. ಫೋನಿನಲ್ಲಿ ಬರೆಯಲು ಹೊರಟರೆ ನೋಟಿಫಿಕೇಶನ್‌ಗಳು ಎಳೆದುಕೊಂಡು ಹೋಗುತ್ತವೆ, ಕನ್ನಡ ಟೈಪಿಂಗ್ ಕೂಡ ನಿಧಾನ. ಇಂಥ ಕಡೆ ಗಂಭೀರವಾದ ಬರವಣಿಗೆ ಸಾಧ್ಯವೇ, ಅಥವಾ ಬಿಡುವಿನ ಶನಿವಾರಕ್ಕೆ ಕಾಯುವುದು ಒಳ್ಳೆಯದೇ?
— ಬೆಂಗಳೂರು

ಉತ್ತರ: ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರೊಲೊಪ್ ಅಂಚೆ ಇಲಾಖೆಯ ನೌಕರ. ಇಲಾಖೆಯ ಕೆಲಸಕ್ಕಾಗಿ ಸದಾ ರೈಲಿನಲ್ಲಿ ಓಡಾಡಬೇಕಾಗಿದ್ದ ಆತ ತೊಡೆಯ ಮೇಲಿಟ್ಟುಕೊಳ್ಳುವ ಒಂದು ಪುಟ್ಟ ಹಲಗೆ ಮಾಡಿಕೊಂಡು ರೈಲು ಡಬ್ಬಿಯಲ್ಲೇ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದ, ಮನೆಗೆ ಬಂದ ಮೇಲೆ ಹೆಂಡತಿ ಅದನ್ನು ಶುದ್ಧಪ್ರತಿ ಮಾಡುತ್ತಿದ್ದಳು. (ಹೆಂಡತಿಗೆ ಬಿಡುವಿತ್ತೇ ಎಂಬ ಪ್ರಶ್ನೆಯನ್ನು ಆತ್ಮಕಥೆಯಲ್ಲಿ ಆತ ಎತ್ತಿಕೊಂಡಂತಿಲ್ಲ.) ಕೆಲವೇ ದಿನಗಳ ರೂಢಿಯಿಂದ ಮೇಜಿನ ಮುಂದಿನಷ್ಟೇ ವೇಗವಾಗಿ ಡಬ್ಬಿಯಲ್ಲೂ ಬರೆಯುವಂತಾಯಿತೆಂದು ಆತ ಹೇಳಿಕೊಂಡಿದ್ದಾನೆ. ಆತನ ಕಾದಂಬರಿಗಳನ್ನು 47 ಎಂದು ಎಣಿಸುತ್ತಾರೆ. ನಮ್ಮ ಶಿವರಾಮ ಕಾರಂತರದನ್ನೂ ಸಾಮಾನ್ಯವಾಗಿ 47 ಎಂದೇ ಎಣಿಸುವುದು ಒಂದು ತಮಾಷೆಯ ಕಾಕತಾಳೀಯ.

ಹಾಗಾಗಿ ಶನಿವಾರಕ್ಕೆ ಕಾಯಬೇಡಿ. ಶನಿವಾರಕ್ಕೆ ಮದುವೆ, ಗೃಹಪ್ರವೇಶ, ಗಾಡಿಯ ಸರ್ವಿಸು ಮೊದಲೇ ಸರದಿಯಲ್ಲಿ ನಿಂತಿರುತ್ತವೆ. ಕೆಂಗೇರಿಯಲ್ಲಿ ಕೂತ ತಕ್ಷಣ ಡೇಟಾ ಆಫ್ ಮಾಡಿ, ಮೆಜೆಸ್ಟಿಕ್ ಬರುವವರೆಗೆ ಬರೆದು, ಆಮೇಲೆ ಪ್ರಪಂಚವನ್ನು ಒಳಗೆ ಬಿಟ್ಟುಕೊಳ್ಳಿ. ನಿಲ್ದಾಣಕ್ಕಿಂತ ಒಳ್ಳೆಯ ಗಡಿಯಾರ ಬೇಕಿಲ್ಲ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡವಾಗಿಸುವ ವಿಧಾನದಲ್ಲಿ ಪ್ರತಿ ಪದಕ್ಕೂ ಮೇಲಿನ ಸಲಹೆಗಳ ಸಾಲನ್ನು ನೋಡಬೇಕಾಗುತ್ತದೆ, ಅಷ್ಟರಲ್ಲಿ ವಾಕ್ಯದ ಲಯ ಕೈಬಿಟ್ಟುಹೋಗುತ್ತದೆ. ಕನ್ನಡದ್ದೇ ಕೀಲಿಮಣೆ ಹಾಕಿಕೊಂಡು ಒಂದು ತಿಂಗಳು ಸಹಿಸಿಕೊಳ್ಳಿ, ಬೆರಳು ತಾನಾಗಿ ಕಲಿಯುತ್ತದೆ. ಫೋನಿಗೆ ಕನ್ನಡದಲ್ಲಿ ಹೇಳಿ ಬರೆಸುವ ಸೌಲಭ್ಯ ಇದೆಯಾದರೂ ಅದು ತುಂಬಿದ ಬೋಗಿಗೆ ಹೇಳಿದ್ದಲ್ಲ. ಸ್ಟೇಷನ್ನಿನಿಂದ ಆಫೀಸಿಗೆ ನಡೆಯುವಾಗ ಪಾತ್ರಗಳ ಸಂಭಾಷಣೆಗೆ ಚೆನ್ನಾಗಿ ಒದಗುತ್ತದೆ. ಎಲ್ಲವನ್ನೂ ಒಂದೇ ಕಡತದಲ್ಲಿ, ದಿನಾಂಕ ಹಾಕಿ, ಒಂದರ ಕೆಳಗೊಂದು ಬರೆಯಿರಿ. ತನಗೆ ತಾನೇ ವಾಟ್ಸ್‌ಆಪ್ ಮಾಡಿಕೊಂಡ ಸಾಲುಗಳು ಹಾಲಿನ ಲೆಕ್ಕದ ಕೆಳಗೆ ಹೂತುಹೋಗಿ ಮತ್ತೆ ಸಿಗುವುದಿಲ್ಲ.

ಪ್ರಶ್ನೆ: ನಾವು ಅಡಿಕೆ ಬೆಳೆಗಾರರು. ಮಳೆಗಾಲದಲ್ಲಿ ದಿನವೂ ಬರೆಯುತ್ತೇನೆ. ಕೊಯ್ಲು ಶುರುವಾಯಿತೆಂದರೆ ಹಗಲು ಅಡಿಕೆಯ ಕೊನೆ (ಗೊಂಚಲು) ಕೊಯ್ಲು, ರಾತ್ರಿ ಹನ್ನೊಂದರವರೆಗೆ ಸುಲಿಯುವುದು, ಬೇಯಿಸುವುದು. ಮೂರು ತಿಂಗಳು ಪೆನ್ನು ಮುಟ್ಟುವುದಿಲ್ಲ. ಪ್ರತಿ ವರ್ಷ ಮೊದಲಿನಿಂದ ಆರಂಭಿಸಿದ ಹಾಗಾಗುತ್ತದೆ. ಇದನ್ನು ಅಭ್ಯಾಸ ಎನ್ನಬಹುದೇ?
— ಸಿದ್ದಾಪುರ, ಉತ್ತರ ಕನ್ನಡ

ಉತ್ತರ: ಖಂಡಿತ ಎನ್ನಬಹುದು. ಅಡಿಕೆ ಮರವೇ ವರ್ಷವಿಡೀ ಕೊನೆ ಬಿಡುವುದಿಲ್ಲ, ನೀವೇಕೆ ಬಿಡಬೇಕು? ತೋಟ ಮಾಡಿಕೊಂಡೇ ಬರೆದವರೆಂದು ಮೂಡಿಗೆರೆಯ ತೇಜಸ್ವಿಯವರ ಹೆಸರು ಹೇಳುವ ಆಸೆ ಇಂಥ ಕಡೆ ಎಲ್ಲರಿಗೂ ಆಗುತ್ತದೆ. ಆದರೆ ಕಾಫಿ ತೋಟದ ವರ್ಷ ಬೇರೆ, ನಿಮ್ಮ ವರ್ಷ ಬೇರೆ, ಅದರ ಅಳತೆ ನಿಮ್ಮ ಮೈಗೆ ಕೂರಲಿಕ್ಕಿಲ್ಲ. ಪ್ರತಿದಿನ ಬರೆಯದವನು ಬರಹಗಾರನಲ್ಲ ಎಂಬ ಮಾತನ್ನು ಸುಗ್ಗಿ ನೋಡದವರು ಹೇಳಿರಬೇಕು.

ನಿಮ್ಮ ತೊಂದರೆ ಬಿಟ್ಟ ಮೂರು ತಿಂಗಳಿನದಲ್ಲ, ಬಿಡುವಾಗ ಏನನ್ನೂ ಕಟ್ಟಿಡದೆ ಬಿಟ್ಟದ್ದರದು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಬರುವ ದಿನ ಗೊತ್ತಾದ ಮೇಲೆ ಒಂದು ಸಂಜೆ ಕೂತು ಒಂದು ಪುಟ ಬರೆಯಿರಿ: ಕಥೆ ಎಲ್ಲಿಗೆ ಬಂದಿದೆ, ಯಾರು ಎಲ್ಲಿ ನಿಂತಿದ್ದಾರೆ, ಯಾವ ಸಂಗತಿ ಓದುಗನಿಗೆ ಇನ್ನೂ ಗೊತ್ತಿಲ್ಲ, ಮುಂದಿನ ದೃಶ್ಯ ಯಾವುದು. ಆ ಪುಟವನ್ನು ಹಸ್ತಪ್ರತಿಯ ಮೇಲಿಟ್ಟು ದಾರ ಕಟ್ಟಿಬಿಡಿ. ಕೊಯ್ಲಿನ ದಿನಗಳಲ್ಲಿ ಕಥೆ ಬರೆಯುವ ಗೋಜಿಗೆ ಹೋಗಬೇಡಿ. ಆದರೆ ಆಳಿನ ಲೆಕ್ಕ, ಕೊನೆಯ ಲೆಕ್ಕ ಬರೆಯಲು ರಾತ್ರಿ ಒಂದು ಪುಸ್ತಕ ಹೇಗೂ ತೆರೆಯುತ್ತೀರಲ್ಲ, ಆ ದಿನದ ಕೂಲಿಯ ಎದುರಿಗೆ ಅಂದು ಕಣ್ಣಿಗೆ ಬಿದ್ದ ಒಂದು ಸಂಗತಿಯನ್ನು ಒಂದೇ ಸಾಲಿನಲ್ಲಿ ಹಾಕಿ. ನನಗೆ ಪರಿಚಯದ ಬೆಳೆಗಾರರೊಬ್ಬರು ತಮ್ಮ ಲೆಕ್ಕದ ಪುಸ್ತಕ ತೋರಿಸಿದ್ದರು. ಅಡಿಕೆಯ ಚೊಗರು ಹತ್ತಿದ ಬೆರಳಿನ ಗುರುತು ಪುಟದ ಮೂಲೆಯಲ್ಲೆಲ್ಲ ಇತ್ತು. ‘ಸುಲಿಯುವವರು 9’ ಎಂಬುದರ ಮುಂದೆ, ‘ಹಾಡುತ್ತಿದ್ದ ಮುದುಕಿ ಇಂದು ಹಾಡಲಿಲ್ಲ, ಯಾರೂ ಕೇಳಲಿಲ್ಲ’ ಎಂದಿತ್ತು. ಅಂಥ ಎಂಬತ್ತು ತೊಂಬತ್ತು ಸಾಲು ಶಿವರಾತ್ರಿಯ ಹೊತ್ತಿಗೆ ಕೈಯಲ್ಲಿದ್ದರೆ ನೀವು ಮೊದಲಿನಿಂದ ಆರಂಭಿಸಿದಂತಾಗುವುದಿಲ್ಲ.

ಪ್ರಶ್ನೆ: ನನಗೆ ನಲವತ್ತೆಂಟು ವರ್ಷ, ಒಟ್ಟು ಕುಟುಂಬ. ಬರೆಯಲು ಕೂತರೆ ಅತ್ತೆಯವರು ‘ಬರೆದು ಯಾರನ್ನು ಉದ್ಧಾರ ಮಾಡಬೇಕಾಗಿದೆ’ ಎನ್ನುತ್ತಾರೆ. ಒಮ್ಮೆ ನಮ್ಮ ಯಜಮಾನರು ನನ್ನ ಪುಸ್ತಕ ತೆಗೆದು ಊಟದ ಹೊತ್ತಿಗೆ ಎಲ್ಲರ ಮುಂದೆ ನಗುತ್ತ ಓದಿದರು. ಅಂದಿನಿಂದ ಬೀರುವಿನಲ್ಲಿ ಸೀರೆಗಳ ಕೆಳಗೆ ಬಚ್ಚಿಡುತ್ತೇನೆ, ಬರೆಯುವುದೂ ಕಡಿಮೆಯಾಗಿದೆ. ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ?
— ಹಾಸನ

ಉತ್ತರ: ವಯಸ್ಸಿನ ಪ್ರಶ್ನೆಯನ್ನು ಬೇಗ ಮುಗಿಸೋಣ. ಎಂ. ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ. ಅವರ ಮೊದಲ ಕಾದಂಬರಿ ಪ್ರಕಟವಾದದ್ದು 1963ರಲ್ಲಿ. ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ, ಶಾಲೆಯ ಓದು ಅಷ್ಟಕ್ಕೇ ನಿಂತು, ಸಂಸಾರ ನಡೆಸಿದ ಹೆಂಗಸು ನಲವತ್ತಾರರಲ್ಲಿ ಕಾದಂಬರಿಕಾರ್ತಿಯಾಗಿ ಕಾಣಿಸಿಕೊಂಡರು. ನೀವು ಎರಡೇ ವರ್ಷ ಹಿಂದಿದ್ದೀರಿ.

ಊಟದ ಹೊತ್ತಿನ ಆ ಸಂಗತಿ ಸಣ್ಣದಲ್ಲ, ಅದನ್ನು ತಮಾಷೆ ಎಂದು ನುಂಗಿಕೊಳ್ಳಬೇಡಿ. ಮನೆ ಶಾಂತವಾಗಿರುವಾಗ ಯಜಮಾನರನ್ನು ಒಬ್ಬರನ್ನೇ ಕೂರಿಸಿಕೊಂಡು, ‘ಮುಗಿದ ಮೇಲೆ ನಾನೇ ಓದಲು ಕೊಡುತ್ತೇನೆ, ಅಲ್ಲಿಯವರೆಗೆ ಮುಟ್ಟಬೇಡಿ’ ಎಂದು ಒಮ್ಮೆ ನೇರವಾಗಿ ಹೇಳಿ. ಅತ್ತೆಯವರ ಪ್ರಶ್ನೆಗೆ ಉತ್ತರ ಹುಡುಕುವ ಅಗತ್ಯವಿಲ್ಲ. ವಾದಕ್ಕೆ ಕೂತರೆ ಬರೆಯುವ ಹೊತ್ತು ವಾದಕ್ಕೇ ಹೋಗುತ್ತದೆ.

ಸೀರೆಗಳ ಕೆಳಗೆ ಬಚ್ಚಿಟ್ಟದ್ದೇ ಬರವಣಿಗೆ ಕಡಿಮೆಯಾಗಲು ದೊಡ್ಡ ಕಾರಣವಿರಬೇಕು. ಬೀಗದ ಕೈ ಹುಡುಕಿ, ಬಾಗಿಲು ತೆರೆದು, ಸೀರೆ ಸರಿಸಿ ತೆಗೆಯುವಷ್ಟರಲ್ಲಿ ಯಾರಾದರೂ ‘ಏನು ಹುಡುಕುತ್ತಿದ್ದೀಯ’ ಎಂದು ಕೇಳಿಯೇ ಕೇಳುತ್ತಾರೆ. ಹಾಲು ಮತ್ತು ದಿನಸಿಯ ಲೆಕ್ಕ ಬರೆಯುವ ಉದ್ದನೆಯ ಪುಸ್ತಕದಂಥದ್ದೇ ಇನ್ನೊಂದನ್ನು ತಂದು, ಮುಂದಿನ ಕೆಲವು ಪುಟಗಳಲ್ಲಿ ನಿಜವಾಗಿಯೂ ಲೆಕ್ಕ ಬರೆದು, ಹಿಂದಿನಿಂದ ತಿರುಗಿಸಿಕೊಂಡು ಕಥೆ ಬರೆಯಿರಿ. ಅಡುಗೆಮನೆಯ ಶೆಲ್ಫಿನ ಮೇಲೆ ಎಲ್ಲರ ಕಣ್ಣೆದುರಿಗೇ ಇರಲಿ. ಕೂಲಿಯ ಲೆಕ್ಕದ ಪುಸ್ತಕದಂತೆಯೇ ದಿನಸಿಯ ಲೆಕ್ಕದ ಪುಸ್ತಕವನ್ನೂ ನಮ್ಮ ಮನೆಗಳಲ್ಲಿ ಯಾರೂ ತಾವಾಗಿ ತೆರೆಯುವುದಿಲ್ಲ. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಬರೆಯಿರಿ ಎಂಬ ಸಲಹೆ ಕೊಡುವವರಿದ್ದಾರೆ, ನಾನು ಕೊಡಲಾರೆ. ಅರ್ಧ ಕಿವಿ ಒಲೆಯ ಕಡೆಗಿದ್ದರೆ ವಾಕ್ಯವೂ ಅರ್ಧವೇ ಬರುತ್ತದೆ. ಮಧ್ಯಾಹ್ನದ ಊಟವಾಗಿ ಮನೆಮಂದಿ ಅಡ್ಡಾಗುವ ಹೊತ್ತಿದೆಯಲ್ಲ, ಪಾತ್ರೆಗಳನ್ನು ಸಿಂಕಿನಲ್ಲಿ ಹಾಗೆಯೇ ಬಿಟ್ಟು, ಮೊದಲು ಬರೆದು, ಆಮೇಲೆ ತೊಳೆಯಿರಿ.

ಪ್ರಶ್ನೆ: ಮುಂಬೈಯಲ್ಲಿ ಔಷಧ ಕಂಪನಿಯೊಂದರ ಗುಣಮಟ್ಟ ವಿಭಾಗದಲ್ಲಿದ್ದೇನೆ. ದಿನವಿಡೀ ಅಂಕಿ, ಇಂಗ್ಲಿಷ್ ವರದಿ. ಲೋಕಲ್ ರೈಲಿನಲ್ಲಿ ಜೋತುಬಿದ್ದು ಮನೆ ಸೇರುವಾಗ ಕನ್ನಡವೇ ದೂರ ಹೋದಂತಿರುತ್ತದೆ. ಒಣಗಿದ ಮನಸ್ಸಿನಿಂದ ಏನು ಬರೆಯುವುದು?
— ಡೊಂಬಿವಲಿ

ಉತ್ತರ: ನಿಮಗೆ ಆ ಊರಿನಲ್ಲೇ ಹಿರಿಯರಿದ್ದಾರೆ. ಉತ್ತರ ಕನ್ನಡದ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬೈಯ ಪ್ಲಾಸ್ಟಿಕ್ ಉದ್ಯಮದಲ್ಲಿ ದಶಕಗಳ ಕಾಲ ದುಡಿಯುತ್ತಲೇ ಕಥೆ, ಕಾದಂಬರಿ ಬರೆದವರು. ಜಯಂತ ಕಾಯ್ಕಿಣಿಯವರು ಜೀವರಸಾಯನಶಾಸ್ತ್ರ ಓದಿ ಅದೇ ನಗರದ ಔಷಧ ಕಂಪನಿಯಲ್ಲಿ ಕೆಲಸ ಮಾಡಿದವರು. ಚಿತ್ತಾಲರಂತೂ ಕಂಪನಿಯ ಒಳಗಿನ ಭಯ, ಸಂಶಯ, ಅಧಿಕಾರದ ಆಟಗಳನ್ನೇ ಕನ್ನಡ ಕಾದಂಬರಿಯ ವಸ್ತುವಾಗಿಸಿದರು. ಹಗಲು ಒಣಗಿಸುವ ಅದೇ ಕೆಲಸದೊಳಗೆ ಬರೆಯುವ ಸಾಮಗ್ರಿ ಇರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ರಾತ್ರಿಯನ್ನು ಬಿಟ್ಟು ಬೆಳಗಿಗೆ ಬನ್ನಿ, ಹೊರಡುವ ಮೊದಲಿನ ಹದಿನೈದು ನಿಮಿಷ ಸಾಕು. ಬರೆಯುವುದಕ್ಕೆ ಮುಂಚೆ ನಿಮಗೆ ಇಷ್ಟವಾದ ಕನ್ನಡ ಗದ್ಯದ ಒಂದು ಪುಟವನ್ನು ಸಣ್ಣ ದನಿಯಲ್ಲಿ ಬಾಯಿಬಿಟ್ಟು ಓದಿ. ಕಣ್ಣಲ್ಲೇ ಓದಿದರೆ ಈ ಕೆಲಸ ಆಗುವುದಿಲ್ಲ. ದೂರ ಹೋದ ಭಾಷೆ ಮರಳುವುದು ಕಿವಿಯ ದಾರಿಯಿಂದ. ಆಮೇಲೆ ನಿನ್ನೆಯ ‘ನಾಳೆ’ ವಾಕ್ಯದಿಂದ ಹೊರಡಿ.

ಪ್ರಶ್ನೆ: ಕಳೆದ ವರ್ಷ ನಿವೃತ್ತನಾದೆ. ಕೆಲಸದಲ್ಲಿದ್ದಾಗ ರೈಲಿನಲ್ಲಿ, ಊಟದ ವಿರಾಮದಲ್ಲಿ ಕದ್ದುಮುಚ್ಚಿ ಎರಡು ಕಥಾಸಂಕಲನವಾಗುವಷ್ಟು ಬರೆದಿದ್ದೆ. ಈಗ ಇಡೀ ದಿನ ನನ್ನದು, ಒಂದು ಸಾಲೂ ಹುಟ್ಟುತ್ತಿಲ್ಲ. ನಿಮ್ಮ ಅಂಕಣದಲ್ಲಿ ಎಲ್ಲರೂ ಸಮಯವಿಲ್ಲ ಎಂದು ಅಳುತ್ತಾರೆ, ನನ್ನದು ತದ್ವಿರುದ್ಧ.
— ಮೈಸೂರು

ಉತ್ತರ: ನಿಮ್ಮ ಪತ್ರವನ್ನು ಕೊನೆಗೆ ಇಟ್ಟುಕೊಂಡದ್ದೇ ಅದಕ್ಕೆ. ಮೇಲಿನ ಐವರೂ ಇದನ್ನು ಓದಲಿ. ಕಚೇರಿ ನಿಮ್ಮಿಂದ ಸಮಯ ಕಿತ್ತುಕೊಳ್ಳುತ್ತಿತ್ತು, ಸರಿ. ಆದರೆ ಊಟದ ವಿರಾಮಕ್ಕೆ ಒಂದು ಆರಂಭವನ್ನೂ ಒಂದು ಕೊನೆಯನ್ನೂ ಕೊಡುತ್ತಿತ್ತು. ಈಗ ಪತ್ರಿಕೆ ಓದಿ, ಕಾಫಿ ಕುಡಿದು, ಬ್ಯಾಂಕಿಗೆ ಹೋಗಿಬಂದು, ‘ಮಧ್ಯಾಹ್ನ ನೋಡೋಣ’ ಎಂದರೂ ಯಾರೂ ಕೇಳುವುದಿಲ್ಲ.

ಮತ್ತೆ ಟ್ರೊಲೊಪ್‌ನ ಹತ್ತಿರ ಹೋಗುತ್ತೇನೆ. ಆತ ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದಿರಬೇಕೆಂದು ನಿಯಮ ಹಾಕಿಕೊಂಡಿದ್ದ. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದುವುದು. ಆಮೇಲೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ. ಆ ಪದಗಳ ಲೆಕ್ಕವನ್ನು ನೀವು ಅನುಸರಿಸಬೇಕಿಲ್ಲ, ಅದನ್ನು ಓದಿದರೇ ನನಗೆ ಏದುಸಿರು ಬರುತ್ತದೆ. ಗಮನಿಸಬೇಕಾದದ್ದು ಇನ್ನೊಂದು: ತನ್ನನ್ನು ಎಬ್ಬಿಸಲೆಂದೇ ಆತ ಮನೆಯ ವಯಸ್ಸಾದ ಕುದುರೆ ಆಳಿಗೆ ವರ್ಷಕ್ಕೆ ಐದು ಪೌಂಡ್ ಹೆಚ್ಚಿಗೆ ಕೊಡುತ್ತಿದ್ದ. ಸ್ವಂತ ಮನಸ್ಸಿನ ಮೇಲೆ ಆತನಿಗೆ ಭರವಸೆ ಇರಲಿಲ್ಲ, ಆಳಿನ ಮೇಲೆ ಇತ್ತು.

ನಿಮಗೂ ಅಂಥ ಒಬ್ಬರು ಬೇಕು. ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವ ಅಭ್ಯಾಸವಿದೆ ಎಂದು ಪತ್ರದಲ್ಲಿ ಬರೆದಿದ್ದೀರಿ. ಜೊತೆಗೆ ಬರುವ ಗೆಳೆಯರಲ್ಲಿ ಹೊಗಳಿಕೆಯಲ್ಲಿ ಸ್ವಲ್ಪ ಜಿಪುಣರಾದವರನ್ನು ಆರಿಸಿ, ಪ್ರತಿ ಶನಿವಾರ ಅವರ ಕೈಗೆ ಎರಡು ಹಾಳೆ ಕೊಡುವುದಾಗಿ ಮಾತು ಕೊಡಿ. ಕೊಡದಿದ್ದರೆ ಆ ದಿನದ ಕಾಫಿಯ ಖರ್ಚು ನಿಮ್ಮದು. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ, ಅವರು ಗುರುತು ಹಾಕಲು ಎಡಗಡೆ ಅಗಲವಾಗಿ ಅಂಚು ಬಿಡಿ, ಮತ್ತು ಎರಡನೆಯ ಹಾಳೆಯನ್ನು ಕಥೆಯ ನಡುವೆಯೇ ನಿಲ್ಲಿಸಿ. ಮುಂದಿನ ಶನಿವಾರ ಅವರೇ ಕೇಳುತ್ತಾರೆ.